ಮಂಗ್ಯಾಗಳನ್ನು ಹಿಡಿಸಬೇಡ್ರಿ



ನಮ್ಮ ಶಾಲೆಗೆ ಮಂಗ್ಯಾಗಳ ಕಾಟ ಭಾಳ ಆಗೈತಿ ಎಂದು ಎಲ್ಲರೂ ಅನ್ನುತ್ತಾರೆ. ಅದು ಖರೇನ. ಹೋದ ತಿಂಗಳು 2ನೇ ವರ್ಗದ ಹುಡುಗಿಯ ಕೈಯಾಗಿನ ಬಾಳೆಹಣ್ಣು ಕಸಿಯಲು ಬಂದು ಮಂಗ್ಯಾ ಪರಚಿತು. ಆಕಿಗೆ ದವಾಖಾನೆಯಲ್ಲಿ ಸೂಜಿ ಮಾಡಿಸಿದರು. ಈಗ ಊರ ಹಿರಿಯರು ಪಟ್ಟಿ ಹಾಕಿ ರೊಕ್ಕ ಕೂಡಿಸಿ, ಮಂಗ್ಯಾ ಹಿಡಿಯುವವರನ್ನು ಕರೆಸಿ, ದೂರ ಒಯ್ದು ಬಿಡಿಸೋಣ ಅಂತ ಮಾತಾಡಾಕತ್ತಾರ. ನನಗೆ ಇದು ಸರಿ ಅನ್ನಿಸುವುದಿಲ್ಲ.

ದೂರ ಅಂದರೆ ಎಲ್ಲಿ? ರಾಯಬಾಗ ಕಡೆ ಬಿಟ್ಟರೆ ಅಲ್ಲಿಯೂ ಶಾಲೆಗಳಿವೆ, ಹುಡುಗರಿದ್ದಾರೆ. ಅಥಣಿಯವರು ಹಿಡಿದು ನಮ್ಮ ಕಡೆ ತಂದು ಬಿಟ್ಟರೆ ನಾವು ಸುಮ್ಮನಿರತೀವೇನು? 2021ರ ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಲ್ಲಿ ಮಂಗಗಳನ್ನು ಹಿಡಿದು ಚೀಲದಾಗ ತುಂಬಿ ರಸ್ತೆ ಬದಿಗೆ ಒಗೆದಿದ್ದರು. 38 ಮಂಗಗಳು ಸತ್ತಿದ್ದವು. ಹೈಕೋರ್ಟು ತಾನಾಗಿಯೇ ಆ ವಿಷಯವನ್ನು ವಿಚಾರಣೆಗೆ ತಗೊಂಡಿತು. ಹಿಡಿಯುವವರು ನಮ್ಮ ರೊಕ್ಕ ಇಸಕೊಂಡು ಏನು ಮಾಡತಾರ ಅಂತ ಯಾರು ನೋಡಾಕ ಹೋಗತಾರ?

ಶನಿವಾರ ಹನಮಪ್ಪನ ಗುಡಿ ಮುಂದ ಅವಕ್ಕ ಬಾಳೆಹಣ್ಣು, ಕೊಬ್ಬರಿ ಕೊಟ್ಟು ಕೈ ಮುಗಿತೀವಿ. ಸೋಮವಾರ ಅದೇ ಮಂಗ್ಯಾ ಶಾಲೆಗೆ ಬಂದರ ಕಲ್ಲು ಒಗಿತೀವಿ. ಅದಕ್ಕ ವಾರ ಗೊತ್ತಾಗತೈತೇನು? ಮನುಷ್ಯನ ಕೈಯಾಗ ತಿನ್ನಾಕ ಇರತೈತಿ ಅಂತ ಕಲಿಸಿದವರು ನಾವೇ.

ಆಫ್ರಿಕಾದಲ್ಲಿ ರುವಾಂಡಾ, ಉಗಾಂಡಾ, ಕಾಂಗೋ ದೇಶಗಳ ಬೆಟ್ಟಗಳಲ್ಲಿ ಬೆಟ್ಟದ ಗೊರಿಲ್ಲಾಗಳಿವೆ. ಇಡೀ ಜಗತ್ತಿನಲ್ಲಿ ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ದೊಡ್ಡ ಗಂಡು ಗೊರಿಲ್ಲಾ ನಮ್ಮ ಇಬ್ಬರು ಪೈಲ್ವಾನರಷ್ಟು ತೂಕ ಇರುತ್ತದೆ. ಆದರೂ ಜನ ಹೋಗಿ ನೋಡಿ ಬರುತ್ತಾರೆ, ಯಾಕಂದರೆ ಅಲ್ಲಿ ನಿಯಮ ಐತಿ. 7ರಿಂದ 10 ಮೀಟರ್ ದೂರ ನಿಲ್ಲಬೇಕು, ಒಂದು ತಾಸಿಗಿಂತ ಹೆಚ್ಚು ಇರಂಗಿಲ್ಲ, ಅವುಗಳ ಹತ್ತಿರ ಏನೂ ತಿನ್ನಂಗಿಲ್ಲ. ನೆಗಡಿ ಬಂದವರು ಹೋಗಬಾರದು, ನಮ್ಮ ನೆಗಡಿ ಅವಕ್ಕೂ ಹತ್ತತೈತಿ. ಗೊರಿಲ್ಲಾ ಎದಿ ಬಡಕೊಂಡು ಮೈಮೇಲೆ ಬಂದರೂ ಓಡದೆ, ಕೆಳಗ ಕುಂತು ತಲೆ ಬಗ್ಗಿಸಬೇಕಂತ. ಅಂಥ ಪ್ರಾಣಿಯ ಜೊತೆ ನಿಯಮದಿಂದ ನಡಕೊಳ್ಳಬಹುದಾದರೆ ಏಳೆಂಟು ಕಿಲೋದ ಮಂಗ್ಯಾನ ಜೊತೆ ಯಾಕ ಆಗಂಗಿಲ್ಲ?

ನಮ್ಮ ಮಂಗ್ಯಾನ ಮುಂದ ಕುಂದ್ರೋದು ಬ್ಯಾಡ. ಬೆನ್ನು ತೋರಿಸಿ ಓಡೋದೂ ಬ್ಯಾಡ. ಕೈಯಾಗಿನ ತಿನಿಸು ಕಸಿಯಾಕ ಬಂದರ ಬಿಟ್ಟು ಕೊಟ್ಟು ಮೆಲ್ಲಕ ಹಿಂದಕ್ಕ ಸರಿಯಬೇಕು. ನಮ್ಮ ವರ್ಗದ ಹುಡುಗರು ಅದರ ಕಣ್ಣಾಗ ಕಣ್ಣಿಟ್ಟು ನೋಡಿ ಹಲ್ಲು ಕಿಸಿಯುತ್ತಾರೆ. ಮಂಗ್ಯಾಗಳಲ್ಲಿ ದಿಟ್ಟಿಸಿ ನೋಡೋದು ಅಂದರ ಜಗಳಕ್ಕ ಬಾ ಅಂದಂಗ. ಅದು ಹಲ್ಲು ಕಿಸಿದರೆ ನಗುವುದಲ್ಲ, ಅಂಜಿರತೈತಿ. ಹುಬ್ಬು ಏರಿಸಿ, ಬಾಯಿ ತೆರೆದು ನೋಡಿದರೆ ಸಿಟ್ಟು ಬಂದೈತಿ ಅಂತ ತಿಳಿಯಬೇಕು. ಮರಿ ಅವಚಿಕೊಂಡ ತಾಯಿಯ ಹತ್ತಿರ ಅಂತೂ ಹೋಗಲೇಬಾರದು. ಕಚ್ಚಿದರೆ, ಪರಚಿದರೆ ಅರಿಶಿಣ, ಸುಣ್ಣ ಹಚ್ಚುತ್ತ ಕುಂದ್ರಬ್ಯಾಡ್ರಿ. ಸಾಬೂನು ಹಚ್ಚಿ ನೀರು ಬಿಟ್ಟು 15 ನಿಮಿಷ ತೊಳೆದು ಅವತ್ತೇ ದವಾಖಾನೆಗೆ ಹೋಗಬೇಕು. ಹುಚ್ಚುನಾಯಿ ರೋಗ ಮಂಗ್ಯಾನಿಂದಲೂ ಬರಬಹುದು.

ಮೊಟ್ಟೆ ಕೊಡುವ ದಿವಸ ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರೆ. ಅದನ್ನು ಬಯಲಾಗ ತಿನ್ನದೆ ಖೋಲಿಯೊಳಗ ಬಾಗಿಲು ಹಾಕ್ಕೊಂಡು ತಿನ್ನೋಣ. ಸಿಪ್ಪಿಯನ್ನು ಮುಚ್ಚಳದ ಬಕೀಟಿನಲ್ಲಿ ಹಾಕಿ ಎಮ್ಮೆ ಇದ್ದವರ ಮನೆಗೆ ಕೊಡೋಣ. ಇದರಿಂದ ನಾಳೆಯೇ ಮಂಗ್ಯಾ ಹೋಗುವುದಿಲ್ಲ, ಮೊದಮೊದಲು ಇನ್ನೂ ಜೋರು ಮಾಡಬಹುದು. ನಮ್ಮಪ್ಪನ ಶೇಂಗಾ ಹೊಲದ ಚಿಂತಿಯೂ ಇದರಿಂದ ತೀರಂಗಿಲ್ಲ. ಆದರೆ ಸಣ್ಣ ಹುಡುಗರ ಕೈಗೆ ಬಾಯಿ ಹಾಕುವುದು ಕಡಿಮೆ ಆಗತೈತಿ.

ಬರುವ ಶನಿವಾರ ನಾವು 7ನೇ ವರ್ಗದವರು ಗುಡಿಗೆ ಹೋಗಿ, ಹಣ್ಣು-ಕಾಯಿ ಮಂದಿಗೇ ಹಂಚರಿ ಅಂತ ಪೂಜಾರಿ ಅಜ್ಜಾರನ್ನು ಕೇಳುವವರಿದ್ದೇವೆ. ಅಲ್ಲಿತನಕ ಹಿರಿಯರು ಪಟ್ಟಿ ಹಾಕುವುದನ್ನು ನಿಲ್ಲಿಸಬೇಕೆಂದು ವಿನಂತಿ.

– 7ನೇ ವರ್ಗದ ವಿದ್ಯಾರ್ಥಿನಿ