ಅಟ್ಟದ ಕಾಯಿ, ಆಕಾಶದ ಕಲ್ಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮಕ್ಕಳಿಗೆ ಇದು ಗೊತ್ತಿರುವ ಸಂಗತಿಯೇ. ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಆಯಿತೋ ಇಲ್ಲವೋ ಎಂದು ತಿಳಿಯಲು ಅಜ್ಜಿ ಕಾಯಿ ಒಡೆಯುವುದಿಲ್ಲ, ಕಿವಿಯ ಬಳಿ ಅಲ್ಲಾಡಿಸುತ್ತಾರೆ. ನೀರು ಇಂಗಿ, ಗಿಟಕು ಚಿಪ್ಪು ಬಿಟ್ಟು ಗಡಗಡ ಎಂದರೆ ಅಟ್ಟದ ವಾಸ ಮುಗಿಯಿತು.

ಆಕಾಶದಿಂದ ಬಿದ್ದ ಕಲ್ಲನ್ನೂ "ನೀನು ಎಷ್ಟು ಕಾಲ ಅಲೆದೆ?" ಎಂದು ಕೇಳಬಹುದೇ? ಕೇಳಬಹುದು.

1865ರ ಸೆಪ್ಟೆಂಬರ್ 21ರಂದು ಹಳೆಯ ಮೈಸೂರು ಸೀಮೆಯಲ್ಲಿ ಒಂದು ಉಲ್ಕಾಶಿಲೆ ಬಿತ್ತು. ದಾಖಲೆಗಳಲ್ಲಿ ಅದರ ಹೆಸರು 'ಮುದ್ದೂರ್'. ಮರುವರ್ಷ ಉಡುಪಿಯಲ್ಲಿ ಇನ್ನೊಂದು ಬಿತ್ತು. ಇಂಥ ಕಲ್ಲುಗಳು ಮೊದಲು ದೊಡ್ಡ ಕ್ಷುದ್ರಗ್ರಹಗಳ ಒಡಲಲ್ಲಿ ಅಡಗಿರುತ್ತವೆ. ಡಿಕ್ಕಿಯಾಗಿ ಚೂರು ಹೊರಬಿದ್ದಾಗ ವಿಶ್ವಕಿರಣಗಳ ಹೊಡೆತ ಶುರುವಾಗುತ್ತದೆ. ಬಹುಪಾಲು ಪ್ರೋಟಾನುಗಳೇ ಆದ ಈ ಕಿರಣಗಳು ಬೆಳಕಿಗೆ ಸಮೀಪದ ವೇಗದಲ್ಲಿ ಬರುತ್ತವೆ. ನಮ್ಮನ್ನು ಹತ್ತು ಮೀಟರ್ ನೀರಿನಷ್ಟು ತೂಕದ ಗಾಳಿಯ ಹೊದಿಕೆ ಕಾಯುತ್ತದೆ. ಬತ್ತಲೆ ಕಲ್ಲಿಗೆ ಆ ರಕ್ಷಣೆ ಎಲ್ಲಿಯದು?

ಕಲ್ಲಿನಲ್ಲಿರುವ ಮೆಗ್ನೀಸಿಯಂ-24ರ ನ್ಯೂಕ್ಲಿಯಸ್‌ಗೆ ಪೆಟ್ಟು ಬಿದ್ದು ಎರಡು ಪ್ರೋಟಾನು, ಒಂದು ನ್ಯೂಟ್ರಾನು ಸಿಡಿದರೆ ಉಳಿಯುವುದು ನಿಯಾನ್-21. ಒಂದೊಂದೇ ಸಿಡಿದರೆ ಸೋಡಿಯಂ-22. ನಿಯಾನ್-21 ಅಳಿಯುವುದಿಲ್ಲ, ಹುಂಡಿಯ ಕಾಸಿನಂತೆ ಕೂಡುತ್ತಾ ಹೋಗುತ್ತದೆ. ಕೂಡಿದ ಮೊತ್ತವನ್ನು ವರ್ಷಕ್ಕೆ ಹುಟ್ಟುವ ಪ್ರಮಾಣದಿಂದ ಭಾಗಿಸಿದರೆ ಅಲೆದಾಟದ ಕಾಲ ಸಿಗುತ್ತದೆ. ಕಲ್ಲಿನ ಉಲ್ಕೆಗಳಲ್ಲಿ ಅದು ಹಲವು ಲಕ್ಷಗಳಿಂದ ಕೋಟಿಗಟ್ಟಲೆ ವರ್ಷ!

ಸೋಡಿಯಂ-22ರ ಸ್ವಭಾವ ಬೇರೆ. ಪ್ರತಿ 2.6 ವರ್ಷಕ್ಕೆ ಅದರಲ್ಲಿ ಅರ್ಧ ಕರಗುತ್ತದೆ. ಕಲ್ಲು ಬೀಳುವ ಹಿಂದಿನ ಕೆಲವೇ ವರ್ಷಗಳಲ್ಲಿ ವಿಶ್ವಕಿರಣಗಳು ಎಷ್ಟು ತೀವ್ರವಾಗಿದ್ದವು ಎಂಬುದನ್ನು ಅದು ಹೇಳುತ್ತದೆ. ಆದರೆ ಬೇಗ ಅಳೆಯಬೇಕು. ಮುದ್ದೂರ್ ಕಲ್ಲಿನಲ್ಲಿ ಅದು ಅರವತ್ತಕ್ಕೂ ಹೆಚ್ಚು ಸಲ ಅರ್ಧರ್ಧವಾಗಿದೆ. ಅದರ ನಿಯಾನ್ ಇನ್ನೂ ಮಾತಾಡಬಲ್ಲದು, ಸೋಡಿಯಂ-22 ಹೇಳಬೇಕಿದ್ದ ಮಾತು ಮಾತ್ರ ಶಾಶ್ವತವಾಗಿ ಹೋಯಿತು.

ಆದ್ದರಿಂದ ನಾಳೆ ನಿಮ್ಮ ತೋಟದಲ್ಲೇ ಅಂಥ ಕಲ್ಲು ಬಿದ್ದರೆ ಏನು ಮಾಡುತ್ತೀರಿ? ತೊಳೆಯಬೇಡಿ, ಮಚ್ಚಿನಿಂದ ಒಡೆಯಬೇಡಿ, ದೇವರ ಕೋಣೆಯಲ್ಲಿಟ್ಟು ಮರೆಯಬೇಡಿ. ಹೆದರುವುದೂ ಬೇಡ, ಅದರ ವಿಕಿರಣ ತೀರ ಅಲ್ಪ. ಬಿದ್ದ ಜಾಗ, ಹೊತ್ತು ಬರೆದಿಡಿ. ಶುಭ್ರವಾದ ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಷ್ಟರ ಮೂಲಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಕೂಡಲೇ ತಿಳಿಸಿ. ಅಟ್ಟದ ಕಾಯಿಗೆ ಅವಸರವಿಲ್ಲ, ಈ ಕಲ್ಲಿಗೆ ಇದೆ.