ಹಳೆಯ ಕಂಪ್ಯೂಟರಿಗೆ ಹೊಸ ಕಾರ್ಡು

ಹನ್ನೆರಡು ವರ್ಷ ಮನೆಯಲ್ಲಿ ದುಡಿದ ಯಂತ್ರವನ್ನು ಹಳೆಯದಾಯಿತೆಂಬ ಒಂದೇ ಕಾರಣಕ್ಕೆ ಗುಜರಿಗೆ ಹಾಕಲು ನಮಗೆ ಮನಸ್ಸು ಬಾರದು. ಓದುಗ ಬಂಧುಗಳ ಮನೆಗಳಲ್ಲಿಯೂ ಇಂಥ ಒಂದು ಕಂಪ್ಯೂಟರು ಬಟ್ಟೆಯ ಮುಸುಕು ಹೊದ್ದು ಮೂಲೆಯಲ್ಲಿ ಕುಳಿತಿರಬಹುದು. ನಮ್ಮ ಮನೆಯದು 2013ರಲ್ಲಿ ಮಗನ ಇಂಜಿನಿಯರಿಂಗ್ ವ್ಯಾಸಂಗಕ್ಕೆಂದು ಕೊಂಡದ್ದು. ಅವನ ಓದು ಮುಗಿಯಿತು, ನೌಕರಿ ಸಿಕ್ಕಿತು, ಮದುವೆಯೂ ಆಯಿತು. ಈಗ ಅದರ ಮುಂದೆ ಕೂಡುವವಳು ನಮ್ಮ ಸೊಸೆ.

ಮಗು ಹುಟ್ಟಿದ ಮೇಲೆ ಶಾಲೆಯ ಕೆಲಸ ಬಿಟ್ಟಿದ್ದ ಆಕೆ, ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ಆರು ಮನೆಗಳ ಮಕ್ಕಳಿಗೆ ಪ್ರತಿ ಶನಿವಾರ ಕನ್ನಡ ಕಲಿಸುತ್ತಾಳೆ. ನಮ್ಮಲ್ಲಿ ಸಂಜೆ ಏಳೂವರೆಯಾದಾಗ ಬೇಸಿಗೆಯ ತಿಂಗಳುಗಳಲ್ಲಿ ಅಲ್ಲಿ ಬೆಳಗಿನ ಹತ್ತು ಗಂಟೆ. ಬಹಳ ದಿನಗಳ ಮೇಲೆ ಆಕೆಯ ಕೈಗೆ ಬರತೊಡಗಿದ್ದ ಸ್ವಂತ ಸಂಪಾದನೆ ಅದು. ಆದುದರಿಂದ ಹೊಸ ಫೈಬರ್ ಸಂಪರ್ಕದೊಂದಿಗೆ ಮನೆಗೆ ಹೊಸ ರೂಟರ್ ಬಂದ ದಿನ ಕಂಪ್ಯೂಟರು ವೈಫೈಗೆ ಸೇರಲೊಲ್ಲದೆ ಹೋದಾಗ, ಅದು ಸಣ್ಣ ತೊಂದರೆಯೆಂದು ನಮಗೆ ತೋರಲಿಲ್ಲ.

ಲಕ್ಷಣ ಹೀಗಿತ್ತು. ವೈಫೈನ ಹೆಸರು ತೆರೆಯ ಮೇಲೆ ಕಾಣುತ್ತಿತ್ತು. ಗುಪ್ತಪದ ಸರಿಯಾಗಿಯೇ ಕೊಟ್ಟರೂ ಸಂಪರ್ಕ ಸಾಧ್ಯವಿಲ್ಲವೆಂಬ ಉತ್ತರ ಬರುತ್ತಿತ್ತು. ಮನೆಯ ಮೊಬೈಲುಗಳೆಲ್ಲ ಅದೇ ಗುಪ್ತಪದದಿಂದ ಸುಖವಾಗಿ ಸೇರಿದ್ದವು. ಆ ಶನಿವಾರ ಬೇರೆ ದಾರಿಯಿಲ್ಲದೆ ಕಂಪ್ಯೂಟರನ್ನು ಒಳಕೋಣೆಯಿಂದ ಪಡಸಾಲೆಗೆ ಹೊತ್ತು ತಂದು, ರೂಟರಿಗೆ ನೇರವಾಗಿ ವಾಯರು ಜೋಡಿಸಿದೆವು. ಎಲ್ಲವೂ ಓಡಿತು. ತರಗತಿ ಅರ್ಧ ಗಂಟೆ ತಡವಾಯಿತಾದರೂ ಒಂದು ಸಂಗತಿ ಖಚಿತವಾಯಿತು: ಇಂಟರ್‌ನೆಟ್ಟಿನಲ್ಲಿ ದೋಷವಿಲ್ಲ, ಕಂಪ್ಯೂಟರಿನ ಉಳಿದ ಅಂಗಗಳಲ್ಲಿಯೂ ಇಲ್ಲ, ರೂಟರಿಗೂ ವೈಫೈ ಕಾರ್ಡಿಗೂ ನಡುವೆ ಎಲ್ಲಿಯೋ ಇದೆ. ಇಲ್ಲಿಯವರೆಗೆ ನಮ್ಮ ನಡೆ ಸರಿಯಾಗಿತ್ತು.

ಮುಂದೆ ನಾವು ಅವಸರಪಟ್ಟೆವು. ಕಾರ್ಡು ಮುದಿಯಾಗಿದೆ, ಬದಲಿಸಿದರಾಯಿತು ಎಂದು ತೀರ್ಮಾನಿಸಿದೆವು. ಹಳೆಯ ಕಾರ್ಡು 2009ರಲ್ಲಿ ರೂಪುಗೊಂಡ ವೈಫೈನ ನಾಲ್ಕನೆಯ ಪೀಳಿಗೆಯದು, 2.4 ಗಿಗಾಹರ್ಟ್ಸ್ ಪಟ್ಟಿಯೊಂದನ್ನೇ ಬಲ್ಲದ್ದು. ಪೇಟೆಯಲ್ಲಿ ಆರನೆಯ ಪೀಳಿಗೆಯ ಕಾರ್ಡುಗಳು ಸಿಗುತ್ತಿದ್ದವು. ಇಂಟೆಲ್ ಸಂಸ್ಥೆಯ ಎಎಕ್ಸ್ 200 ಮತ್ತು ಎಎಕ್ಸ್ 201 ಎಂಬ ಎರಡು ಚಿಕ್ಕ ಹಲಗೆಗಳನ್ನು ಅಂಗಡಿಯವರು ಮುಂದಿಟ್ಟರು. ಎರಡೂ ಬೆರಳಗಲದ ಅವಳಿ ಮಕ್ಕಳಂತಿದ್ದವು. ಅಂಕಿ ದೊಡ್ಡದಿದ್ದರೆ ವಸ್ತುವೂ ಮೇಲೆಂಬ ಭ್ರಮೆಯಿಂದ ನಾವು 201ನ್ನೇ ಬೇಡಿದೆವು, ಅಂಗಡಿಯವರೂ ಬೇಡವೆನ್ನಲಿಲ್ಲ. ಅದನ್ನು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹೊಂದುವ ದೊಡ್ಡ ಹಲಗೆಯ ಮೇಲೆ ಕೂಡಿಸಿ ಕೊಟ್ಟರು.

ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚುವವರು ಮೊದಲು ವಿದ್ಯುತ್ತಿನ ಪ್ಲಗ್ಗನ್ನು ಗೋಡೆಯಿಂದ ಕೀಳತಕ್ಕದ್ದು. ಬಳಿಕ ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ತು ಇಳಿದುಹೋಗುತ್ತದೆ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನೊಮ್ಮೆ ಮುಟ್ಟಿ, ಮೈಯಲ್ಲಿಯ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡೇ ಕಾರ್ಡಿಗೆ ಕೈಹಚ್ಚಬೇಕು. ಇಷ್ಟನ್ನೂ ನಾವು ಮಾಡಿದೆವು. ಕಾರ್ಡು ಸ್ಲಾಟಿನಲ್ಲಿ ಕುಳಿತಿತು, ಸ್ಕ್ರೂ ಬಿಗಿಯಾಯಿತು, ಕಂಪ್ಯೂಟರು ಎದ್ದಿತು. ಆದರೆ ಒಳಗೆ ಕಾರ್ಡೊಂದಿದೆ ಎಂಬ ಅರಿವೇ ಅದಕ್ಕೆ ಇರಲಿಲ್ಲ.

ಇಂಥ ವೇಳೆ ವಿಂಡೋಸಿನ ಡಿವೈಸ್ ಮ್ಯಾನೇಜರ್ ಎಂಬ ಪಟ್ಟಿಯನ್ನು ತೆರೆದು ನೋಡಬೇಕು. ಕಾರ್ಡಿನ ಹೆಸರೇ ಇಲ್ಲವೆಂದರೆ ತೊಡಕು ಲೋಹದಲ್ಲಿದೆ: ಕಾರ್ಡು ಸರಿಯಾಗಿ ಕುಳಿತಿಲ್ಲ, ಸ್ಲಾಟು ಕೆಟ್ಟಿದೆ, ಇಲ್ಲವೆ ಕಾರ್ಡು ಆ ಯಂತ್ರದ ಜಾತಿಯದಲ್ಲ. ಅಪರಿಚಿತ ಸಾಧನವೆಂದು ಹಳದಿ ಗುರುತಿನೊಡನೆ ಕಂಡರೆ ಲೋಹ ಸರಿಯಿದೆ, ಡ್ರೈವರ್ ಎಂಬ ತಂತ್ರಾಂಶ ಬೇಕು. ಹೆಸರು ನೆಟ್ಟಗೆ ಇದ್ದೂ ವೈಫೈ ಸೇರದಿದ್ದರೆ ಆಗ ಆಂಟೆನಾವನ್ನೋ ರೂಟರನ್ನೋ ವಿಚಾರಿಸಬೇಕು. ಈ ಮೂರನ್ನು ಬೇರ್ಪಡಿಸಿಕೊಳ್ಳದೆ ನಾವು ನಾಲ್ಕು ಸಂಜೆ ಡ್ರೈವರುಗಳನ್ನು ಹುಡುಕುತ್ತ ಕುಳಿತೆವು. ಪಟ್ಟಿಯಲ್ಲಿಯೇ ಇಲ್ಲದ ಕಾರ್ಡಿಗೆ ಯಾವ ಡ್ರೈವರು ತಾನೆ ಏನು ಮಾಡೀತು! ಅಷ್ಟರಲ್ಲಿ ಎರಡನೆಯ ಶನಿವಾರ ಬಂದಿತು. ಅಂದೇ ಮನೆಯಲ್ಲಿ ಮಗಳ ಕುಬಸ. ಪಡಸಾಲೆಯ ತುಂಬ ನೆಂಟರು. ತರಗತಿ ನಡೆಯಲಿಲ್ಲ.

ಕೊನೆಗೆ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದವಳು ಸೊಸೆ. "ಮಾವಾರ, ಇದರ ಮ್ಯಾಲ ಇನ್ನೂರಾ ಒಂದು ಅಂತ ಐತ್ರಿ. ಇದು ನಮ್ಮ ಕಂಪ್ಯೂಟರಿಗೆ ಬರೂದಿಲ್ಲ" ಎಂದಳು. ಹೌದು. 200 ತನ್ನ ಕೆಲಸವನ್ನು ತಾನೇ ಪೂರ್ತಿ ಮಾಡುವ ಕಾರ್ಡು. 201 ತನ್ನ ಕೆಲಸದ ಮುಖ್ಯ ಭಾಗವನ್ನು ಕಂಪ್ಯೂಟರಿನೊಳಗಿನ ಇಂಟೆಲ್ ಚಿಪ್ಪಿಗೆ ಬಿಟ್ಟಿರುತ್ತದೆ. ಅಂಥ ಚಿಪ್ಪುಗಳು ಬರತೊಡಗಿದ್ದೇ 2017ರ ಕೊನೆಯಲ್ಲಿ. 2013ರ ಯಂತ್ರದಲ್ಲಿ ಅದನ್ನು ಕೂಡಿಸುವುದೆಂದರೆ ಜೋಡಿ ನೊಗಕ್ಕೆ ಒಂಟಿ ಎತ್ತು ಕಟ್ಟಿದಂತೆ. ಕಾರ್ಡಿನಲ್ಲಿ ದೋಷವಿರಲಿಲ್ಲ, ಕೊಂಡವರಲ್ಲಿ ಇತ್ತು.

ಕಾರ್ಡನ್ನು ಮರಳಿಸಿ 200ನ್ನು ತಂದೆವು. ಈ ಸಲ ಪಟ್ಟಿಯಲ್ಲಿ ಹಳದಿ ಗುರುತು ಮೂಡಿತು. ಅದರ ವಿವರಗಳಲ್ಲಿ 8086 ಎಂಬ ಸಂಖ್ಯೆ ಕಂಡರೆ ತಯಾರಕರು ಇಂಟೆಲ್ ಎಂದರ್ಥ. ಅವರ 1978ರ ಪ್ರಸಿದ್ಧ ಪ್ರೊಸೆಸರಿನ ಹೆಸರೇ ಇಂದಿಗೂ ಅವರ ಗುರುತಿನ ಅಂಕಿ. ಇನ್ನು ಡ್ರೈವರು ಇಂಟರ್‌ನೆಟ್ಟಿನಲ್ಲಿದೆ, ಇಂಟರ್‌ನೆಟ್ ಬೇಕಾದರೆ ಡ್ರೈವರು ಬೇಕು! ಬೇರೊಂದು ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತಂದರಾಯಿತು. ಈ ಕಾರ್ಡಿನ ಡ್ರೈವರು ದೊರೆಯುವುದು 64 ಬಿಟ್ಟಿನ ವಿಂಡೋಸ್ 10 ಮತ್ತು ಅದರ ಮುಂದಿನದಕ್ಕೆ. ವಿಂಡೋಸ್ 7 ಇಟ್ಟುಕೊಂಡವರು ಇದನ್ನು ಕೊಳ್ಳುವ ಮುಂಚೆ ವಿಚಾರ ಮಾಡಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್ ಬಳಸುವವರಿಗಾದರೆ 5.1ನೆಯ ಆವೃತ್ತಿಯಿಂದ ಈ ಡ್ರೈವರು ಜೊತೆಯಲ್ಲಿಯೇ ಬರುತ್ತದೆ. ಅದರ ಮಾತು ಇನ್ನೊಮ್ಮೆ ಆಗಲಿ. ಬ್ಲೂಟೂತ್ ಕಾಣಲಿಲ್ಲವೆಂದು ಗಾಬರಿಯಾಗುವವರಿಗೆ ಒಂದು ಸೂಚನೆ: ಅದು ಸ್ಲಾಟಿನ ಮೂಲಕ ಬರುವುದಿಲ್ಲ, ಕಾರ್ಡಿನಿಂದ ಹೊರಟ ಚಿಕ್ಕ ವಾಯರನ್ನು ಮದರ್‌ಬೋರ್ಡಿನ ಯುಎಸ್‌ಬಿ ಪಿನ್ನುಗಳಿಗೆ ಜೋಡಿಸಬೇಕು.

ಇಷ್ಟಾದರೂ ಮೂರನೆಯ ಶನಿವಾರ ತರಗತಿ ಮೂರು ಬಾರಿ ಕಡಿಯಿತು. ಮಕ್ಕಳ ಮುಖಗಳು ತೆರೆಯ ಮೇಲೆ ಹೆಪ್ಪುಗಟ್ಟಿದಂತೆ ನಿಲ್ಲುತ್ತಿದ್ದವು. ಕಾರಣ ನಮ್ಮ ಮನೆಯೇ ಆಗಿತ್ತು. ಪಡಸಾಲೆಗೂ ಒಳಕೋಣೆಗೂ ನಡುವಿನದು ಎರಡು ಅಡಿ ದಪ್ಪದ ಮಣ್ಣಿನ ಗೋಡೆ. ಬೇಸಿಗೆಯಲ್ಲಿ ತಂಪು, ವೈಫೈಗೆ ಕೋಟೆ. ಹೊಸ ಕಾರ್ಡು ವೇಗದ ಆಸೆಗೆ 5 ಗಿಗಾಹರ್ಟ್ಸ್ ಪಟ್ಟಿಯನ್ನೇ ಹಿಡಿಯುತ್ತಿತ್ತು. ಆ ಅಲೆಗಳು ಗೋಡೆಯನ್ನು ದಾಟುವಾಗ 2.4ರ ಅಲೆಗಳಿಗಿಂತ ಹೆಚ್ಚು ಸೊರಗುತ್ತವೆ. ಸಾಲದ್ದಕ್ಕೆ ಎರಡೂ ಆಂಟೆನಾಗಳು ಉಕ್ಕಿನ ಪೆಟ್ಟಿಗೆಯ ಬೆನ್ನಿಗೆ, ಮೇಜಿನ ಕೆಳಗೆ, ಗೋಡೆಗೆ ಒತ್ತಿಕೊಂಡು ನಿಂತಿದ್ದವು. ಎದುರಿಗೆ ಬರುವ ಅಲೆಗೆ ಪೆಟ್ಟಿಗೆಯೇ ಅಡ್ಡವಾಗಿತ್ತು.

ಒಂದು ವಾಯರು ಎಳೆದಿದ್ದರೆ ಈ ಪಾಡೆಲ್ಲ ತಪ್ಪುತ್ತಿತ್ತು. ನಾಲ್ಕು ಹೆಜ್ಜೆಯ ದೂರಕ್ಕೆ ವಾಯರಿಗಿಂತ ಮಿಗಿಲಾದ ಉಪಾಯವಿಲ್ಲವೆಂದು ಇಂದಿಗೂ ನಮ್ಮ ಅಭಿಪ್ರಾಯ. ಆದರೆ ವಾಯರು ಹಾಯಬೇಕಾದದ್ದು ಜಗುಲಿಯ ಗೋಡೆಯಲ್ಲಿ. ಅದಕ್ಕೆ ತೂತು ಕೊರೆಯಲು ನಮ್ಮ ಮನೆಯವರು ಒಪ್ಪಲಿಲ್ಲ, ನಾವೂ ಹಟ ಹಿಡಿಯಲಿಲ್ಲ. ತಳದಲ್ಲಿ ಅಯಸ್ಕಾಂತವಿರುವ, ಉದ್ದ ವಾಯರಿನ ಆಂಟೆನಾ ತಂದು ಅಲಮಾರಿನ ಮೇಲೆ ಬಾಗಿಲಿಗೆ ಎದುರಾಗಿ ಇರಿಸಿದೆವು. ಡ್ರೈವರಿನ ಸೆಟ್ಟಿಂಗಿನಲ್ಲಿ 2.4ರ ಪಟ್ಟಿಗೇ ಆದ್ಯತೆ ಕೊಟ್ಟೆವು. ಒಂದು ವಿಡಿಯೋ ತರಗತಿಗೆ ಸೆಕೆಂಡಿಗೆ ನಾಲ್ಕೈದು ಮೆಗಾಬಿಟ್ ಧಾರಾಳವಾಗಿ ಸಾಕು. ಆರನೆಯ ಪೀಳಿಗೆಯ ಕಾರ್ಡಿನ ವೇಗವೆಲ್ಲ ಆ ಕೋಣೆಯಲ್ಲಿ ನಮಗೆ ಬೇಕಾಗಿಯೇ ಇರಲಿಲ್ಲ!

ನಾಲ್ಕನೆಯ ಶನಿವಾರ ತರಗತಿ ಒಂದು ಬಾರಿಯೂ ನಿಲ್ಲದೆ ನಡೆಯಿತು. ಐದು ಮಕ್ಕಳು ಬಂದಿದ್ದರು. ಆರನೆಯ ಮಗುವಿನ ತಾಯಿ ತಂದೆ ಬೇರೊಬ್ಬ ಶಿಕ್ಷಕಿಯನ್ನು ಗೊತ್ತುಮಾಡಿಕೊಂಡಿದ್ದರು. ಸೊಸೆ ಆ ಮಾತನ್ನು ಊಟದ ಹೊತ್ತಿಗೆ ಸಹಜವಾಗಿಯೇ ಹೇಳಿದಳು.

ಹಬ್ಬಕ್ಕೆಂದು ಬಂದ ನಮ್ಮ ತಂಗಿಯ ಮಗ ಒಂದು ಮಧ್ಯಾಹ್ನ ರೂಟರಿನ ಸೆಟ್ಟಿಂಗುಗಳನ್ನು ತೆರೆದು ನೋಡಿದ. ಭದ್ರತೆಯ ಸಾಲಿನಲ್ಲಿ ಡಬ್ಲ್ಯೂಪಿಎ 3 ಒಂದನ್ನೇ ಆರಿಸಲಾಗಿತ್ತು. ಅದು 2018ರಲ್ಲಿ ಬಂದ ಪದ್ಧತಿ. ನಮ್ಮ ಹಳೆಯ ಕಾರ್ಡು ಬಲ್ಲದ್ದು 2004ರ ಡಬ್ಲ್ಯೂಪಿಎ 2 ಮಾತ್ರ. ಎರಡನ್ನೂ ಒಪ್ಪುವ ಮಿಶ್ರ ಸೆಟ್ಟಿಂಗನ್ನು ಆತ ಆರಿಸಿದ. ಪರೀಕ್ಷಿಸೋಣವೆಂದು ಹಳೆಯ ಕಾರ್ಡನ್ನು ಮತ್ತೆ ಸ್ಲಾಟಿಗೆ ಹಾಕಿದೆವು. ಒಂದೇ ನಿಮಿಷದಲ್ಲಿ ಅದು ವೈಫೈ ಸೇರಿತು.

ಇದನ್ನು ಸೊಸೆಗೆ ಹೇಳುವುದೋ ಬೇಡವೋ ಎಂದು ಎರಡು ದಿನ ತೂಗಿ ನೋಡಿ, ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹಳೇ ಕಾರ್ಡು ಒಗೀಬ್ಯಾಡ್ರಿ ಮಾವಾರ, ಕವರಿನ್ಯಾಗ ಹಾಕಿ ಇಡ್ರಿ" ಎಂದಳು. ಅದು ಈಗ ಅಲಮಾರಿನಲ್ಲಿದೆ.