ಮಕ್ಕಳ ಕೈಗೆ ಯಾವ ಪುಸ್ತಕ?

ಅತನೂರಿನಿಂದ ಕಲಬುರಗಿಗೆ ಹೋದಾಗ ನಾವು ಮಕ್ಕಳಿಗೆ ಬಟ್ಟೆ, ಸಿಹಿತಿಂಡಿಗಳನ್ನು ಮರೆಯದೆ ತರುತ್ತೇವೆ. ಪುಸ್ತಕ ತರುವುದು ವಿರಳ. ತಂದರೂ ಅದು ನೀತಿ ಹೇಳುತ್ತದೆಯೆ ಎಂದಷ್ಟೇ ನೋಡುತ್ತೇವೆ. ಬರಿಯ ಉಪದೇಶದ ಪುಸ್ತಕವನ್ನು ಮಗು ಒಮ್ಮೆ ತೆರೆದು ಮೂಲೆಗಿಡುತ್ತದೆ. ಅದರೊಡನೆ ಓದಿನ ಆಸೆಯೂ ಮೂಲೆ ಸೇರುತ್ತದೆ.

ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ದ ಮೂಲಕ ಲೋಕಜ್ಞಾನವನ್ನೇ ಮಕ್ಕಳ ಮುಂದಿರಿಸಿದರು. ನಮ್ಮ ಸೀಮೆಯವರೇ ಆದ ಸಿದ್ದಯ್ಯ ಪುರಾಣಿಕರು, ಶರಣಪರಂಪರೆಯಲ್ಲಿ ಬೆಳೆದವರಾಗಿಯೂ, ‘ತುಪ್ಪಾ ರೊಟ್ಟಿ ಗೇ ಗೇ ಗೇ’ ಸಂಕಲನದಲ್ಲಿ ಎಳೆಯರಿಗೆ ನಲಿವಿನ ಪದ್ಯಗಳನ್ನೇ ಕೊಟ್ಟರು. ಇಬ್ಬರೂ ಮಗುವಿನ ಮನಸ್ಸನ್ನು ಗೌರವಿಸಿದವರು.

ಆದುದರಿಂದ, ತಾಯಿತಂದೆಗಳೇ, ಕೊಳ್ಳುವ ಮುನ್ನ ಒಂದು ಪುಟವನ್ನು ಮಗುವಿಗೆ ಓದಿ ಹೇಳಿರಿ. ‘ಮುಂದೇನಾಯಿತು?’ ಎಂದು ಅದು ಕೇಳಿದರೆ ಅದೇ ತಕ್ಕ ಪುಸ್ತಕ. ಈ ಆಯ್ಕೆಯ ಹೊಣೆ ಮಾಸ್ತರರದಲ್ಲ, ನಮ್ಮದು.